ಓಡುವ ನೀರು

ಗೋಡೆಯೊಳಗೆ ನೀರು ಓಡುತ್ತಿದೆ, ನಡೆಯುತ್ತಿಲ್ಲ, ಓಡುತ್ತಿದೆ — ಮುಚ್ಚಿದ ಬಚ್ಚಲಿನ ಹೊರಗೆ ನಿಂತು ಮೊಹಿದ್ದೀನ್ ಗೋಡೆಗೆ ಕಿವಿ ಆನಿಸಿದ, ನಿನ್ನೆಯವರೆಗೆ ಈ ಸದ್ದು ಇರಲಿಲ್ಲ, ಬೆಳಿಗ್ಗೆ ಗುಡ್ಡ ಹತ್ತಿ ಮನೆ ಲೈನಿನ ವಾಲ್ವನ್ನು ಪೂರ್ತಿ ಬಿಟ್ಟು ಬಂದವನು ತಾನೇ, ಬೇರೆ ಯಾರನ್ನು ಬೈಯುವುದು, ಅರ್ಧ ಸುತ್ತು ಸಾಕು ಮಾರಾಯ, ನೀರು ನಡೀಬೇಕು, ಓಡಿದ್ರೆ ಪೈಪಿನ ಹೊಟ್ಟೆ ಕೆರ್ಕೊಂಡು ಬರ್ತದೆ, ಈ ಲೈನ್ ಎಳೆದ ಅಪ್ಪ, ಅವನ ಅಬ್ಬ, ಸಾಯುವವರೆಗೂ ಹೇಳಿದ್ದು ಅದನ್ನೇ, ಮಲ್ಲಂದೂರಿನ ತೋಟಗಳ ಪೈಪು ರಿಪೇರಿ ಮಾಡುವ ತಾನೂ ಊರಿಗೆಲ್ಲ ಹೇಳಿಕೊಂಡು ತಿರುಗಿದ್ದು ಅದನ್ನೇ, ಹೇಳುವುದು ಆಚಾರ, ತಿನ್ನುವುದು ಬದನೆಕಾಯಿ — ಆದರೆ ಇವತ್ತು ಹೆತ್ತು ನಲವತ್ತು ದಿನ ತುಂಬಿದ ಮಗಳು ಅಫ್ರೀನಳ ನಲವತ್ತರ ಸ್ನಾನ, ಬಾಣಂತಿಗೂ ಕೂಸಿಗೂ ತಲೆ ಮೇಲೆ ನೀರು, ಮೂಡಿಗೆರೆಯಿಂದ ಬೀಗರು ಬಂದು ಜಗಲಿಯಲ್ಲಿ ಕೂತಿದ್ದಾರೆ, ಹೋದ ಸಲ ಬೀಗಿತ್ತಿ ನಲ್ಲಿ ತಿರುಗಿಸಿ ನಕ್ಕಿದ್ದರಲ್ಲ, ಪೈಪಿನವ್ರ ಮನೇಲೇ ನೀರು ತೊಟ್ಟಿಕ್ತದಲ್ಲ ಅಂತ, ಆ ನಗುವೇ ಇವನನ್ನು ಗುಡ್ಡ ಹತ್ತಿಸಿದ್ದು.

ಜಯದೇವಪ್ಪನವರ ತೋಟದಲ್ಲಿ ಕೊಯ್ದ ಪೈಪಿನ ತುಂಡು ಕಣ್ಣ ಮುಂದೆ ಬರುತ್ತದೆ, ಈ ಗೋಡೆಯೊಳಗಿನದರ ಹಾಗೇ ಹಳೇ ಕಬ್ಬಿಣ, ಒಳಗೆ ತಳ ಹಿಡಿದ ಹಾಲಿನ ಹಾಗೆ ಪದರ ಪದರ ತುಕ್ಕು, ನಿಧಾನದ ನೀರಿಗೆ ಅದು ಅಲುಗುವುದಿಲ್ಲ, ರಭಸ ಬಂತೋ ಎದ್ದು ಬರುತ್ತದೆ, ಅಕ್ಕಿ ಕಾಳಿನಷ್ಟು ಕೆಂಪು ಚಕ್ಕೆ, ಅಂಚು ಬ್ಲೇಡು, ಅವತ್ತು ಇವನ ಹೆಬ್ಬೆರಳನ್ನೇ ಕೊಯ್ದಿತ್ತು, ಇವನ ಹೆಬ್ಬೆರಳಿನ ಚರ್ಮ ಅಂದರೆ ಚಪ್ಪಲಿ ಚರ್ಮ, ಬಚ್ಚಲೊಳಗೆ ಅಳುತ್ತಿರುವುದೋ ತಿಂಗಳು ತುಂಬುವ ಮೊದಲೇ ಹುಟ್ಟಿ ಆಸ್ಪತ್ರೆಯ ಗಾಜಿನ ಪೆಟ್ಟಿಗೆಯಲ್ಲಿ ಮಲಗಿದ್ದ ಕೂಸು, ಈರುಳ್ಳಿ ಸಿಪ್ಪೆಯಂಥ ಮೈ — ಹೆಂಡತಿಯನ್ನು ಕೂಗಬೇಕು, ಖುರ್ಷೀದಾ, ಬಿಸಿನೀರಿಗೆ ನಲ್ಲಿ ನೀರು ಬೆರೆಸ್ಬೇಡ, ಕೂಗಿದರೆ ಬೀಗರು ಏಳುತ್ತಾರೆ, ಹೆಂಗಸರು ಮೀಯುವಾಗ ಬಾಗಿಲು ಬಡಿಯುವುದು ಹೇಗೆ, ಥೂ, ಇನ್ನೂ ಮರ್ಯಾದೆಯ ಯೋಚನೆ, ಹಿತ್ತಿಲಿಗೆ ಓಡಿದ, ಮನೆಯೊಳಕ್ಕೆ ನೀರು ಬಿಡುವ ವಾಲ್ವನ್ನು ಹಿಡಿದು ಒಂದೇ ಏಟಿಗೆ ಮುಚ್ಚಿದ, ಓಡುವ ನೀರನ್ನು ತಟ್ಟನೆ ತಡೆಯಬಾರದು, ಪೈಪಿಗೆ ಏಟು ಬಿದ್ದು ಇದ್ದಬದ್ದ ತುಕ್ಕೆಲ್ಲ ಏಳುತ್ತದೆ ಅನ್ನುವುದೂ ಗೊತ್ತಿತ್ತು, ಗೊತ್ತಿದ್ದದ್ದೆಲ್ಲ ಕೈಗೆ ಬರಲಿಲ್ಲ, ಗೋಡೆ ಡಬ್ ಎಂದಿತು, ಪೈಪು ನಡುಗಿತು, ನಲ್ಲಿಯವರೆಗೆ ಉಳಿದ ನೀರು ಏನೇನು ಎಳೆದುಕೊಂಡು ಇಳಿಯಿತೋ, ಆಮೇಲೆ ನಿಶ್ಶಬ್ದ, ಕೂಸೂ ಅಳುತ್ತಿಲ್ಲ, ಯಾಕೆ ಅಳುತ್ತಿಲ್ಲ, ರೀ, ನೀರು ನಿಂತೋಯ್ತು, ಕೊನೇ ಚೊಂಬು ಕೆಂಪಗೆ ಬಂತು, ಇದೇನ್ರೀ ಇದು, ಖುರ್ಷೀದಾ ಬಾಗಿಲು ತೆರೆದಿದ್ದಾಳೆ, ತೋಳಿನಲ್ಲಿ ಬಿಳಿ ಟವೆಲು, ಟವೆಲಿನೊಳಗೆ ಕೂಸು, ಅತ್ತು ದಣಿದು ಕಣ್ಣು ಮುಚ್ಚಿದೆ, ಉಸಿರಾಡುತ್ತಿದೆ, ಈಗ ಕಣ್ಣು ಬಿಡುತ್ತದೆ, ಬಿಡಬೇಡ ಕಂದ, ಒಂದು ಗಳಿಗೆ ಬಿಡಬೇಡ, ಗಾಯದ ಗುರುತಿರುವ ಹೆಬ್ಬೆರಳು ಮುಂದೆ ಹೋಗಿ ಗಾಳಿಯಲ್ಲೇ ನಿಂತಿದೆ, ರೆಪ್ಪೆಯ ಅಂಚಿನಲ್ಲಿ, ಅಕ್ಕಿ ಕಾಳಿನಷ್ಟು, ಕೆಂಪು ಚಕ್ಕೆ —