ಉಪ್ಪುನೀರಿನ ತಾಯಣ್ಣ

ರಾಯಚೂರು ಬಸ್ ನಿಲ್ದಾಣದ ನೂಕುನುಗ್ಗಲಿನಲ್ಲೂ ತಾಯಣ್ಣ ತುಂಬಿದ ಬಟ್ಟಲು ಹಿಡಿದವನಂತೆ, ಮೊಣಕೈಗಳನ್ನು ಪಕ್ಕೆಗೆ ಒತ್ತಿಕೊಂಡು, ಒಂದು ಹನಿಯೂ ತುಳುಕದ ಎಚ್ಚರದಲ್ಲಿ ನಡೆಯುತ್ತಿದ್ದ. ಕೈಯಲ್ಲಿ ಮಾತ್ರ ಏನೂ ಇರುತ್ತಿರಲಿಲ್ಲ. ತಾನು ದುಡಿಯುವ ಪ್ರಯೋಗಶಾಲೆಯಿಂದ ಮರೆತೂ ಏನೂ ಹೊರಗೆ ಬರಬಾರದೆಂಬ ನೇಮವನ್ನು ಊರಿಗೆ ಬರುವಾಗ ತೊಡುವ ಖಾಕಿ ಕೋಟಿಗೂ ವಿಸ್ತರಿಸಿ, ಅದರ ಜೇಬುಗಳ ಬಾಯನ್ನು ಸ್ವಹಸ್ತದಿಂದ ಹೊಲಿದುಬಿಟ್ಟಿದ್ದ. ಹೀಗಾಗಿ ಚಹಾ ಕುಡಿಸುವ ಪುಣ್ಯ ಪ್ರತಿಸಲವೂ ನನ್ನದೇ ಆಗುತ್ತಿತ್ತು.

ದೇವದುರ್ಗ ತಾಲೂಕಿನ ಮಸರಕಲ್ಲಿನಲ್ಲಿ ಕೂಲಿ ಮಾಡಿ ಮಗನನ್ನು ಓದಿಸಿದ ಶೇಖಮ್ಮನ ಮಗ ಆತ. ರಾಯಚೂರಿನ ಹಾಸ್ಟೆಲಿನಲ್ಲಿ ನನ್ನ ಕೋಣೆಯ ಗೆಳೆಯ. ನಾನು ಮಾನ್ವಿಯಲ್ಲಿ ಮೇಷ್ಟ್ರಾದೆ, ಆತ ಮುಂಬಯಿಯಲ್ಲಿ ವಿಜ್ಞಾನಿಯಾದ. ಅಣುಸ್ಥಾವರದಲ್ಲಿ ಉರಿದು ಮುಗಿದ ಯುರೇನಿಯಂ ಇಂಧನವನ್ನು ನೆಲದಾಳದಲ್ಲಿ ಹೂತರೆ, ಅಲ್ಲಿಯ ಉಪ್ಪುನೀರು ಅದನ್ನು ಎಷ್ಟು ತಿನ್ನುತ್ತದೆ, ಒಳಗಿನ ವಿಕಿರಣದ ವಿಷ ಎಷ್ಟು ನೀರಿಗಿಳಿಯುತ್ತದೆ ಎಂದು ಅಳೆಯುವುದೇ ಅವನ ಕಾಯಕ.

ಮೂರು ವರ್ಷ ಗಾಜಿನ ಪಾತ್ರೆಗಳ ಮುಂದೆ ಕೂತು, ಇಳಿಯುವುದು ಅತ್ಯಲ್ಪ ಎಂದು ವರದಿ ಬರೆದ. ಆ ವರದಿಯಿಂದ ಮೇಲಿನ ಹುದ್ದೆ ಖಾತ್ರಿಯೆಂಬ ಹಿಗ್ಗಿನಲ್ಲಿ ೧೯೮೧ರ ಬೇಸಿಗೆಗೆ ಊರಿಗೆ ಬಂದಿದ್ದ. ನಾನೂ ಹೋಗಿದ್ದೆ. ಶೇಖಮ್ಮ ಅಂಗಳದಲ್ಲಿ ಕೂತು ಹಿತ್ತಾಳೆ ಕೊಡದ ಒಳಮೈಯನ್ನು ಹುಣಸೆಹಣ್ಣಿನಿಂದ ತಿಕ್ಕುತ್ತಿದ್ದಳು. ಸವಳು ಬಾವಿಯ ನೀರು ಕೂರಿಸಿದ ಬಿಳಿ ಪದರ ಸುಲಭಕ್ಕೆ ಬಿಡುತ್ತಿರಲಿಲ್ಲ.

“ಸಾಕು ಬಿಡಬೇ, ನೀರು ತಿಳಿ ಅದ,” ಎಂದ ತಾಯಣ್ಣ.

“ನೀರು ತಿಳಿ ಇದ್ರೇನಪಾ, ಉಪ್ಪೆಲ್ಲ ಕೊಡದ ಮೈಗೆ ಅಂಟೇದ,” ಎಂದಳು ತಾಯಿ.

ತಾಯಣ್ಣ ಕೊಡದೊಳಕ್ಕೆ ಬಗ್ಗಿ ನೋಡಿದ. ಮೂರು ವರ್ಷವೂ ಆತ ಅಳೆದದ್ದು ನೀರನ್ನು ಮಾತ್ರ, ನೀರು ಚೆಲ್ಲಿದ ಮೇಲೆ ಉಳಿದ ಪಾತ್ರೆಯನ್ನಲ್ಲ. ಮರುದಿನವೇ ಮುಂಬಯಿ ಬಸ್ ಹತ್ತಿದ. ತೆಗೆದಿರಿಸಿದ್ದ ಹಳೆಯ ಪಾತ್ರೆಗಳನ್ನು ಆಮ್ಲದಿಂದ ತೊಳೆದು ನೋಡಿದರೆ, ನೀರಿನಲ್ಲಿ ಕಂಡದ್ದರ ಒಂಬತ್ತು ಪಟ್ಟು ವಿಷ ಅವುಗಳ ಒಳಮೈಗೆ ಅಂಟಿತ್ತು. ವರದಿಯನ್ನು ತಾನೇ ಹಿಂದಕ್ಕೆ ಪಡೆದ. ಹುದ್ದೆ ಇನ್ನೊಬ್ಬರ ಪಾಲಾಯಿತು. ಕೈಗೆ ಬಂದ ತುತ್ತು ಬಾಯಿಗೆ ಬಾರದಂತೆ ಮಾಡಿಕೊಂಡವನು ಅವನೇ.

ನನಗೆ ಸಿಟ್ಟು ಬಂದಿತ್ತು, ಈಗಲೂ ಬರುತ್ತದೆ. ಮುಂದಿನ ಸಲ ಆತ ಊರಿಗೆ ಬಂದಾಗ, “ಯಾರ್ ಕೇಳ್ತಿದ್ರಲೇ? ಸುಮ್ನಿರಬೇಕಿತ್ತು,” ಎಂದೆ.

ಆತ ಚಹಾ ಮುಗಿಸಿ ಬಟ್ಟಲು ಕೆಳಗಿಟ್ಟು ಹೇಳಿದ: “ಈ ವಿಷ ಸಾವಿರಾರು ವರ್ಷ ಇರ್ತದ. ಈಗ ಸುಮ್ನಿದ್ರ ಅಷ್ಟೂ ವರ್ಷ ಸುಮ್ನಿರಬೇಕಾಗ್ತದ.”

ನಾವು ಬಹುತೇಕರು ಎದುರಿಗಿದ್ದವರು ಆಡಿಕೊಂಡಾರೆಂದು ಅಂಜಿ ನಡೆಯುವವರು. ಇನ್ನೂ ಹುಟ್ಟದವರಿಗೆ ಅಂಜಿ ನಡೆಯುವವರೂ ಇದ್ದಾರೆ, ಎಲ್ಲೋ ಒಬ್ಬೊಬ್ಬರು. ಅವರಿಗೆ ಯಾರೂ ಎಂದೂ ಕೃತಜ್ಞತೆ ಹೇಳುವುದಿಲ್ಲ. ಅವರು ಕಾಪಾಡಿದವರಿಗೆ ಏನೂ ಆಗಿರುವುದೇ ಇಲ್ಲವಲ್ಲ.