ಟ್ರಿಮ್ ಚಕ್ರಕ್ಕೊಂದು ಮೋಟಾರು

"ಇಲ್ಲೊಂದು ಸಹಿ ಹಾಕು," ಎನ್ನುತ್ತ ವರ್ಲಿನ್ ಕಾಗದವನ್ನು ವಿಮಾನದ ಮೂತಿಯ ಮೇಲೆ ಹರಡಿ, ಗಾಳಿಗೆ ಹಾರದಂತೆ ಕಾಫಿ ಲೋಟ ಇಟ್ಟ.

ಆರ್ಡಿಸ್ ಕನ್ನಡಕ ಏರಿಸಿ ಓದಿದಳು. ಆಟೋಪೈಲಟ್‌ಗೆ ವಿದ್ಯುತ್ ಟ್ರಿಮ್ ಜೋಡಿಸಲು ಇಬ್ಬರು ಮಾಲೀಕರ ಒಪ್ಪಿಗೆ. ವರ್ಲಿನ್‌ನ ಸಹಿ ಆಗಲೇ ಬಿದ್ದಿತ್ತು, ಕೋಳಿ ಕೆದರಿದ ಹಾಗೆ. ಇಷ್ಟು ಅವಸರ ಯಾತಕ್ಕೆ ಎಂದುಕೊಂಡಳು. ಓದಿಕೊಂಡು ಹೇಳುತ್ತೇನೆಂದು ಕಾಗದವನ್ನು ಮಡಚಿ ಜೇಬಿಗಿಳಿಸಿದಳು. ವರ್ಲಿನ್‌ನ ಮುಖ ಸಣ್ಣಗಾಯಿತು.

ಹಾರುವಾಗ ವಿಮಾನದ ಮೂತಿ ತಾನಾಗಿ ಏಳದಂತೆ, ಬೀಳದಂತೆ ಸಮತೂಕಕ್ಕೆ ತರುವುದು ಟ್ರಿಮ್. ಅವರ ನಾಲ್ಕು ಸೀಟಿನ ವಿಮಾನದಲ್ಲಿ ಅದಕ್ಕೆ ಎರಡು ಸೀಟುಗಳ ನಡುವೆ ತಟ್ಟೆಯಗಲದ ಒಂದು ಚಕ್ರವಿದೆ. ಎರಡು ವರ್ಷದ ಹಿಂದೆ ಆಟೋಪೈಲಟ್ ಹಾಕಿಸಿದಾಗ ಈ ಚಕ್ರಕ್ಕೂ ಮೋಟಾರು ಇರಲಿ ಎಂದವಳು ಆರ್ಡಿಸ್. ಬೇಡವೇ ಬೇಡ ಎಂದು ಹಟ ಹಿಡಿದವನು ಇದೇ ವರ್ಲಿನ್. "ಮೋಟಾರಿಗೆ ತಲೆ ಕೆಟ್ಟು ಮೂತಿ ನೆಲಕ್ಕೆ ತಿರುಗಿಸಿದ್ರೆ ಯಾರನ್ನ ಕೇಳೋದು? ನನ್ನ ಕೈ ಇದೆ, ಸಾಕು," ಎಂದಿದ್ದ. ಅಂದಿನಿಂದ ಆಟೋಪೈಲಟ್ ತೆರೆಯ ಮೇಲೆ ಬಾಣ ತೋರಿಸುವುದು, ಇವರು ಚಕ್ರ ತಿರುಗಿಸುವುದು. ಎಪ್ಪತ್ತೆರಡರ ಮುದುಕ ಈಗ ಏಕಾಏಕಿ ಮನಸ್ಸು ಬದಲಿಸಿದ್ದಾನೆಂದರೆ ಅದರ ಹಿಂದೆ ಏನೋ ಇದೆ.

ಅನುಮಾನ ಶುರುವಾಗಿದ್ದು ಕಾಗದದಿಂದಲ್ಲ. ಆರ್ಡಿಸ್‌ಳ ಗಂಡ ಲೆಲ್ಯಾಂಡ್ ಮತ್ತು ವರ್ಲಿನ್ ಸೇರಿ ಆ ವಿಮಾನ ಕೊಂಡಾಗಿನಿಂದ ಒಂದು ಪದ್ಧತಿಯಿತ್ತು: ಹಾರಿ ಬಂದವರು ಇಳಿಯುವ ಮುಂಚೆ ಚಕ್ರವನ್ನು ಬಿಳಿ ಗೆರೆಗೆ ತಂದಿಡಬೇಕು, ಮುಂದಿನವರು ಏರುವಾಗ ತೊಂದರೆಯಾಗಬಾರದು. ಲೆಲ್ಯಾಂಡ್ ತೀರಿಕೊಂಡು, ಆರ್ಡಿಸ್ ತಾನೇ ಹಾರಾಟ ಕಲಿತು ಅವನ ಪಾಲು ವಹಿಸಿಕೊಂಡ ಮೇಲೂ ಹನ್ನೊಂದು ವರ್ಷ ಅದು ತಪ್ಪಿರಲಿಲ್ಲ. ಈ ಚಳಿಗಾಲದಿಂದ ಮಾತ್ರ ಚಕ್ರ ಪ್ರತಿ ಸಲವೂ ಗೆರೆಯಿಂದ ದೂರ. ಬೇರೆ ಯಾರಿಗೋ ಹಾರಿಸಲು ಕೊಡುತ್ತಿದ್ದಾನೆ ಎಂದು ಅವಳಿಗೆ ಮೊದಲು ಅನ್ನಿಸಿತು. ಈಗ ಕಾಗದ ನೋಡಿದ ಮೇಲೆ ಎಲ್ಲ ಒಂದಕ್ಕೊಂದು ಹೊಂದಿತು. ಯಾರೋ ಗಿರಾಕಿ ಬಂದು ಹಾರಿಸಿ ನೋಡುತ್ತಿದ್ದಾನೆ, ಅವನಿಗಾಗಿ ವಿಮಾನಕ್ಕೆ ಅಲಂಕಾರ ನಡೆದಿದೆ, ತನ್ನ ಪಾಲು ಮಾರಿ ವರ್ಲಿನ್ ಕೈತೊಳೆದುಕೊಳ್ಳುತ್ತಾನೆ.

ಮೆಕ್ಯಾನಿಕ್ ರೋಲಿಯನ್ನು ವಿಚಾರಿಸಿದಳು. ಊರಿನ ಹಾದರವನ್ನೆಲ್ಲ ಕೇಳದೆಯೇ ಹೇಳುವ ರೋಲಿ ಅಂದು ಎಂಜಿನ್ನಿನೊಳಗಿಂದ ತಲೆ ಎತ್ತಲಿಲ್ಲ. "ನೀವಿಬ್ರೂ ಕೂತು ಮಾತಾಡ್ಕೊಳ್ಳಿ ಆರ್ಡಿಸ್," ಎಂದಷ್ಟೇ ಹೇಳಿದ. ಇವನೂ ಸೇರಿಕೊಂಡಿದ್ದಾನೆ ಎಂದುಕೊಂಡಳು.

ಭಾನುವಾರ ಅಗ್ನಿಶಾಮಕ ಠಾಣೆಯಲ್ಲಿ ಊರಿನವರಿಗೆಲ್ಲ ಪ್ಯಾನ್‌ಕೇಕ್ ತಿಂಡಿಯಿತ್ತು. ತಲೆಗೆ ನೀಲಿ ವಸ್ತ್ರ ಸುತ್ತಿದ್ದ ನಡೀನ್ ಎದುರಿಗೆ ಬಂದು ಕುಳಿತಳು. ಕ್ಯಾನ್ಸರ್ ಚಿಕಿತ್ಸೆಗೆ ಅವಳನ್ನು ಪ್ರತಿ ಗುರುವಾರ ಒಮಾಹಾ ನಗರಕ್ಕೆ ಹಾರಿಸಿಕೊಂಡು ಹೋಗಿ ಬರುವವನು ವರ್ಲಿನ್, ಬಿಡಿಗಾಸು ಮುಟ್ಟದೆ. ಕಾರಿನಲ್ಲಾದರೆ ಐದು ಗಂಟೆ, ಮೂರು ಸಲ ವಾಂತಿ. ನಡೀನ್ ಅವನನ್ನು ಹೊಗಳಿದ್ದೇ ಹೊಗಳಿದ್ದು. ಆರ್ಡಿಸ್ ಸುಮ್ಮನೆ ತಲೆಯಾಡಿಸುತ್ತಿದ್ದಳು.

"ನನಗೂ ಒಂದು ಕೆಲಸ ಕೊಟ್ಟಿದಾನೆ ಗೊತ್ತಾ?" ಎಂದಳು ನಡೀನ್. "ಬಾಣ ಮೇಲೆ ತೋರಿಸಿದ್ರೆ ಹಿಂದಕ್ಕೆ, ಕೆಳಗೆ ತೋರಿಸಿದ್ರೆ ಮುಂದಕ್ಕೆ. ಚಕ್ರ ಪೂರ್ತಿ ನಂದೇ. ಅವನು ಮುಟ್ಟೋದೇ ಇಲ್ಲ."

ಆರ್ಡಿಸ್ ಫೋರ್ಕ್ ಕೆಳಗಿಟ್ಟಳು. ಪಕ್ಕದಲ್ಲಿ ಕುಳಿತ ರೋಗಿಯ ಕೈಗೆ ಯಾವ ಪೈಲಟ್ಟೂ ಚಕ್ರ ಕೊಡುವುದಿಲ್ಲ. ವರ್ಲಿನ್ ಅಂತೂ ಆರ್ಡಿಸ್‌ಳ ಕೈಗೇ ಕೊಡಲು ಒಂದು ಕಾಲದಲ್ಲಿ ಹಿಂದೆಮುಂದೆ ನೋಡಿದ್ದ.

ಮರುದಿನ ಅವನಿಗೆ ಫೋನ್ ಮಾಡಿ, ಸಹಿ ಹಾಕುವ ಮೊದಲು ಒಂದು ಸುತ್ತು ಹಾರಿಸಿ ತೋರಿಸು ಎಂದಳು. ಅವನು ಎಡಗಡೆಯ ಸೀಟಿಗೆ, ಅವಳು ಬಲಗಡೆಗೆ. ಮೂರು ಸಾವಿರ ಅಡಿಗೆ ಏರಿ ಆಟೋಪೈಲಟ್ ಹಚ್ಚಿದ. ವೇಗ ಹೆಚ್ಚುತ್ತಿದ್ದಂತೆ ತೆರೆಯ ಮೇಲೆ ಹಳದಿ ಬಾಣ ಕೆಳಮುಖವಾಗಿ ಮಿನುಗತೊಡಗಿತು. ವರ್ಲಿನ್ ಪ್ಲಾಟ್ ನದಿಯ ನೀರಿನ ಬಗ್ಗೆ, ಈ ವರ್ಷ ತಡವಾಗಿ ಬಂದ ಕೊಕ್ಕರೆಗಳ ಬಗ್ಗೆ ಮಾತಾಡಿದ. ಬಾಣ ಮಿನುಗುತ್ತಲೇ ಇತ್ತು.

"ಆ ಚಕ್ರ ಸ್ವಲ್ಪ ಮುಂದಕ್ಕೆ ತಿರುಗ್ಸು," ಎಂದ, ಉಪ್ಪಿನ ಡಬ್ಬಿ ಕೊಡು ಎನ್ನುವ ಹಾಗೆ.

"ನೀನೇ ತಿರುಗ್ಸು."

ಅವನು ಬಲಗೈಯನ್ನು ತೊಡೆಯ ಮೇಲಿಂದ ಎತ್ತಿ ಚಕ್ರದ ಮೇಲಿಟ್ಟ. ಬೆರಳುಗಳು ಅಲ್ಲೇ ಬಿದ್ದುಕೊಂಡವು, ಹಿಡಿಯಲಿಲ್ಲ. ಕೊನೆಗೆ ಮೈ ತಿರುಚಿ, ಎಡಗೈಯನ್ನು ಹೊಟ್ಟೆಯ ಮೇಲಿಂದ ದಾಟಿಸಿ ತಿರುಗಿಸಿದ. ಬಾಣ ಮಾಯವಾಯಿತು.

ಅವನು ಮಾರುತ್ತಿದ್ದರೇ ಚೆನ್ನಾಗಿತ್ತು ಅನ್ನಿಸಿತು ಆರ್ಡಿಸ್‌ಗೆ. ಮಾರುವವನ ಮೇಲೆ ಕಿರುಚಾಡಬಹುದಿತ್ತು.

"ಯಾವಾಗಿಂದ?"

"ಜನವರಿಯಿಂದ. ಒಂದು ಬೆಳಿಗ್ಗೆ ಎದ್ದೆ, ಹೀಗಿತ್ತು."

"ಡಾಕ್ಟ್ರು ಏನಂದ್ರು?"

"ಹೋಗಿಲ್ಲ. ಹೋದ್ರೆ ಲೈಸೆನ್ಸ್ ಕೊಡೋರು ಕೇಳ್ತಾರೆ, ನಾನು ಹೇಳ್ಬೇಕಾಗತ್ತೆ, ಹಾರೋದೇ ನಿಂತೋಗತ್ತೆ. ಮೋಟಾರ್ ಹಾಕಿಸಿದ್ರೆ ಚಕ್ರದ ಕಾಟ ತಪ್ಪತ್ತೆ. ಮಿಕ್ಕಿದ್ದಕ್ಕೆ ಎಡಗೈ ಸಾಕು."

"ಇಳಿಯೋವಾಗ ಎಡಗೈ ಸ್ಟಿಯರಿಂಗ್ ಹಿಡಿಕೆ ಮೇಲಿರತ್ತೆ. ಎಂಜಿನ್ ಹೆಚ್ಚು-ಕಡಿಮೆ ಮಾಡೋ ಥ್ರಾಟಲ್ ಯಾವ ಕೈಲಿ?"

"ಥ್ರಾಟಲ್ ತಳ್ಳೋಕೆ ಬೆರಳು ಬೇಡ. ಅಂಗೈ ಸಾಕು."

ಎಷ್ಟು ದಿನದ ಅಭ್ಯಾಸದಿಂದ ಬಂದ ಉತ್ತರ ಅದು ಎಂದು ಎಣಿಸಿ ಅವಳಿಗೆ ಭಯವಾಯಿತು. ಸಿಟ್ಟೂ ಬಂತು. ನಡೀನ್ ಅದನ್ನು ಆಟ ಅಂದುಕೊಂಡಿದ್ದಾಳೆ, ನೀನು ಅವಳ ಜೀವದ ಜೊತೆ ಆಡಿದೆ ಎಂದು ಬಾಯಿಗೆ ಬಂದಂತೆ ಬೈದಳು. ನಡೀನ್‌ಗೆ ಅದರಿಂದ ಖುಷಿಯಾಗುತ್ತಿತ್ತು ಎಂದು ಮಾತ್ರ ಅವನು ಹೇಳಿದ. ಅದು ನಿಜವೇ ಆಗಿತ್ತು.

"ನಾನು ಸಹಿ ಹಾಕಲ್ಲ ವರ್ಲಿನ್. ಮೋಟಾರ್ ಮೇಲೆ ನಂಗೇನೂ ಸಿಟ್ಟಿಲ್ಲ."

ಕೆಳಗೆ ಉಳುಮೆಯಾದ ಕಪ್ಪು ಹೊಲಗಳು ಒಂದಾದ ಮೇಲೊಂದು ಹಿಂದೆ ಸರಿದವು. ಆಮೇಲೆ ಅವನು ಎಡಗೈಯನ್ನೂ ಹಿಡಿಕೆಯಿಂದ ತೆಗೆದು ಮಡಿಲಲ್ಲಿಟ್ಟುಕೊಂಡ.

"ಹಾಗಾದ್ರೆ ನೀನೇ ಇಳಿಸು."

ಬಲಗಡೆಯ ಸೀಟಿನಿಂದ ಅವಳು ಇಳಿಸಿದ್ದು ಹಿಂದೆ ಎರಡೇ ಸಲ. ಗಾಲಿಗಳು ನೆಲಕ್ಕೆ ಬಡಿದು, ಪುಟಿದು, ಮತ್ತೆ ಬಡಿದವು. ಬೇರೆ ದಿನವಾಗಿದ್ದರೆ ವರ್ಲಿನ್ ಎರಡೂ ಇಳಿತ ಹಾರಾಟದ ದಾಖಲೆ ಪುಸ್ತಕದಲ್ಲಿ ಬರೆದುಕೋ ಎಂದು ಗೇಲಿ ಮಾಡುತ್ತಿದ್ದ. ಈಗ ಕಿಟಕಿಯ ಕಡೆ ಮುಖ ತಿರುಗಿಸಿದ.

ಶೆಡ್ಡಿನ ಮುಂದೆ ಎಂಜಿನ್ ನಿಂತಿತು. "ಗುರುವಾರ ಏಳೂವರೆಗೆ ನಡೀನ್ ಬರ್ತಾಳೆ," ಎಂದ ವರ್ಲಿನ್. "ವಾಪಸ್ ಬರೋವಾಗ ಚಳಿ ಅಂತಾಳೆ, ಹೀಟರ್ ಮೊದಲೇ ಹಾಕು. ಮಾತಾಡ್ತಾ ಇದ್ರೆ ಅವಳಿಗೆ ವಾಂತಿ ಬರಲ್ಲ. ನೀನು ಮಾತಾಡ್ಬೇಕು."

ಮಾತಾಡುತ್ತೇನೆ ಎಂದಳು ಆರ್ಡಿಸ್.

ಅವನು ಇಳಿದು ತನ್ನ ಪಿಕಪ್ ಕಡೆ ನಡೆದ. ಬಾಗಿಲ ಬಳಿ ನಿಂತ. ಬೀಗದ ಕೈ ಪ್ಯಾಂಟಿನ ಬಲಗಡೆಯ ಜೇಬಿನಲ್ಲಿತ್ತು. ಎಡಗೈಯನ್ನು ಸುತ್ತಿ ತಂದು ಆ ಜೇಬಿನಲ್ಲಿ ತಡಕಾಡತೊಡಗಿದ. ಆರ್ಡಿಸ್ ಒಂದು ಹೆಜ್ಜೆ ಮುಂದಿಟ್ಟವಳು ನಿಂತಳು. ಬಟ್ಟೆ ತೆಗೆದುಕೊಂಡು ಅವನಿಗೆ ಬೆನ್ನು ಮಾಡಿ, ಶುಭ್ರವಾಗಿಯೇ ಇದ್ದ ವಿಮಾನದ ಮುಂದಿನ ಗಾಜನ್ನು ಒರೆಸತೊಡಗಿದಳು. ಪಿಕಪ್ ಹೊರಟ ಸದ್ದು ಕೇಳಿಸುವವರೆಗೂ ಒರೆಸುತ್ತಲೇ ಇದ್ದಳು.