ಕೆರೆಗೊಂದು ಗಾಳಿ, ಡಾಂಬರಿಗೊಂದು ಗಾಳಿ

ಯುಗಾದಿಯ ಮಾರನೆಯ ದಿನ ಹೊಸತೊಡಕು, ಮಾಂಸದೂಟದ ಹಬ್ಬ. ಹರದನಹಳ್ಳಿಯ ಮನೆಮನೆಯಲ್ಲೂ ಮಸಾಲೆ ಅರೆಯುವ ಸದ್ದು. ಊರಿನ ಹೈಕಳು ಮಾತ್ರ ಬತ್ತಿದ ಕೆರೆಯ ಅಂಗಳದಲ್ಲಿ ಸೇರಿದ್ದರು. ಪ್ರತಿ ವರ್ಷ ಅಲ್ಲಿ ಬೈಕ್ ರೇಸು, ಗೆದ್ದವನಿಗೆ ಸ್ಟೀಲ್ ಬಿಂದಿಗೆ. ಬಿಂದಿಗೆ ಗೆಲ್ಲಲು ಕೈಕಾಲು ಮುರಿದುಕೊಳ್ಳಲೂ ಸಿದ್ಧರಿರುವ ಈ ಗಂಡಸರು, ಅದರಲ್ಲಿ ಒಂದು ಸಲ ನೀರು ತನ್ನಿ ಎಂದರೆ ಕಣ್ಣಿಗೇ ಬೀಳುವುದಿಲ್ಲ!

ಆ ವರ್ಷ ಗೆದ್ದವನು ಶಿವರಾಮು. ಬಿಂದಿಗೆಯನ್ನು ತಲೆಯ ಮೇಲೆ ಹೊತ್ತು ಬಂದ ಗಂಡನನ್ನು ನೋಡಿ ಮಂಗಳಗೌರಿಗೆ ನಗು ಬಂತು, ಒಳಗೊಳಗೆ ಹೆಮ್ಮೆಯೂ ಆಯಿತು. ಮಧ್ಯಾಹ್ನ ಅವರು ಬೇಗೂರಿಗೆ, ಅವಳ ತವರಿಗೆ ಹೊರಡಬೇಕಿತ್ತು. ಕರೆಯಲು ಅಣ್ಣ ರಂಗನಾಯಕ ಬೆಳಿಗ್ಗೆಯೇ ಬಂದಿದ್ದ. ಅವನು ಬಸ್ ಡ್ರೈವರ್.

ಬಾಡೂಟ ಮುಗಿಯಿತು. ಶಿವರಾಮು ಬೈಕನ್ನು ಬಾಗಿಲಿಗೆ ತಂದ. ನಾಲ್ಕು ವರ್ಷದ ಮಗಳು ಚಾಮುಂಡಿ ಆಗಲೇ ಪೆಟ್ರೋಲ್ ಟ್ಯಾಂಕಿನ ಮೇಲೆ ಹತ್ತಿ ಕೂತಳು. ರಂಗನಾಯಕ ಎಲೆಗೆ ಸುಣ್ಣ ಸವರುತ್ತಿದ್ದವನು ಹಿಂದಿನ ಚಕ್ರ ನೋಡಿ ನಿಂತುಬಿಟ್ಟ.

“ಇದೇನ್ ಬಾವ, ಪಂಚರಾಗದಾ?”

“ಪಂಚರಲ್ಲ ಕಣ್ ಬಾವ, ನಾನೇ ಗಾಳಿ ಬುಟ್ಟಿವ್ನಿ. ಗಾಳಿ ಕಮ್ಮಿ ಇದ್ರೆ ಟೈರು ಅಗಲಾಗಿ ಮಣ್ಣ ಕಚ್ಕತದೆ. ಇಲ್ದಿದ್ರೆ ಬಿಂದ್ಗೆ ಬತ್ತಿತ್ತಾ?”

“ಕೆರೆ ಧೂಳಲ್ಲಿ ನೀ ಮಾಡಿದ್ದು ಸರಿ ಕಣ. ಅಲ್ಲಿ ಓಡಿಸಿದ್ದು ನೀನೊಬ್ನೆ, ಅದೂ ಒಂದ್ ಗಳಿಗೆ. ಈಗ ಮೂರ್ ಜನ, ಡಾಂಬರ್ ರಸ್ತೆ, ಬೇಗೂರ್ಗಂಟ ಓಗಬೇಕು. ಗಾಳಿ ಇಲ್ದಿರ ಟೈರು ಸುತ್ತುಸುತ್ತಿಗೂ ಮಡ್ಚಿ ಮಡ್ಚಿ ಕಾಯ್ತದೆ.”

“ಕಾದ್ರೆ ಒಳ್ಳೇದೇ ಆಯ್ತಲ್ಲ. ಒಳಗಿನ ಗಾಳಿ ಉಬ್ಬಿ ತಾನೇ ಸರಿಯಾಯ್ತದೆ, ಬುಡು.”

“ಹಂಗೆ ಅನ್ಕಂಡೇ ಕೆಡೋದು. ಉಬ್ಬೋದು ಚೂರು, ಟೈರು ಬೇಯೋದು ಪೂರಾ. ಗೌರಿ, ಬಾಮ್ಮಿ ಇಲ್ಲಿ. ಬೆರಳಾಕಿ ನೋಡು.”

ಮಂಗಳಗೌರಿ ಕೂತು ಟೈರಿನ ಮೇಲೆ ಬೆರಳಾಡಿಸಿದಳು. ನಡುವಿನ ಗೆರೆಗಳಲ್ಲಿ ಉಗುರು ಇಳಿಯಿತು. ಎರಡು ಅಂಚುಗಳಲ್ಲೂ ಗೆರೆಯೇ ಇರಲಿಲ್ಲ, ಅಂಗೈಯಷ್ಟು ನುಣುಪು.

“ಗಾಳಿ ಕಮ್ಮಿಯಾದ್ರೆ ಅಂಚು ಸವೀತದೆ, ಜಾಸ್ತಿಯಾದ್ರೆ ನಡುಮಧ್ಯ ಸವೀತದೆ. ರೇಸಿಗೆ ಕಲಿಯಕ್ಕೆ ಅಂತ ತಿಂಗಳಿಂದ ಹಿಂಗೇ ಓಡ್ಸವ್ನೆ ನಿನ್ ಗಂಡ. ದಾರೀಲಿ ಸಿಗೋ ನಗರದಲ್ಲಿ ಗಾಳಿ ಹಾಕ್ಸು ಬಾವ.”

“ಹೊಸತೊಡಕಿನ ದಿನ ಗಾಳಿ ಅಂಗ್ಡಿಯವ್ನೂ ಬಾಡು ಉಣ್ಣಬ್ಯಾಡ್ವಾ? ಬಾಗ್ಲಾಕಿರ್ತಾನೆ.”

“ಹಂಗಾರೆ ಬೈಕ್ ಇಲ್ಲೇ ಇರ್ಲಿ. ಬಸ್ಸಲ್ಲಿ ಹೋಗನ.”

“ಗೆದ್ದ ಬೈಕ್ ಬುಟ್ಟು ಬಸ್ಸಲ್ಲಿ ಓಗದಾ? ನಿಮ್ಮೂರೋರು ನಗಕಿಲ್ವಾ?”

ಮಂಗಳಗೌರಿಗೆ ಇಕ್ಕಟ್ಟಾಯಿತು. ಹೊಸತೊಡಕಿನ ದಿನ ಮನೆಯಲ್ಲಿ ಏನು ನಡೆಯುತ್ತದೋ ವರ್ಷವಿಡೀ ಅದೇ ನಡೆಯುತ್ತದೆ ಎಂಬ ನಂಬಿಕೆ ಅವಳದು. ಇವತ್ತು ಗಂಡನಿಗೆ ಎದುರಾಡಬಾರದು ಎಂದು ಬೆಳಿಗ್ಗೆಯೇ ಅಂದುಕೊಂಡಿದ್ದಳು. ಆದರೆ ಟ್ಯಾಂಕಿನ ಮೇಲೆ ಮಗು ಕಾಲಾಡಿಸುತ್ತಾ ಕೂತಿತ್ತು. ಆ ನುಣುಪು ಇನ್ನೂ ಅವಳ ಬೆರಳಲ್ಲೇ ಇತ್ತು. ಎದ್ದವಳೇ ಮಗುವನ್ನು ಎತ್ತಿ ಇಳಿಸಿಕೊಂಡಳು.

“ನೀವು ಬೈಕಲ್ಲಿ ಓಗಿ. ನಾನೂ ಮಗೂನೂ ಬಸ್ಸಲ್ಲಿ ಬತ್ತೀವಿ.”

ಶಿವರಾಮುವಿನ ಮುಖ ಊದಿಕೊಂಡಿತು. ಅವಳು ಕೂರಬೇಕಿದ್ದ ಜಾಗದಲ್ಲಿ ಬಿಂದಿಗೆಯನ್ನಿಟ್ಟು ಹಗ್ಗ ಬಿಗಿದ. ಬೈಕು ಧೂಳೆಬ್ಬಿಸಿಕೊಂಡು ಹೋಯಿತು.

ರಂಗನಾಯಕನೂ ತಾಯಿ ಮಗಳೂ ಹತ್ತಿದ ಬಸ್ಸು ತೆರಕಣಾಂಬಿ ದಾಟಿದ ಮೇಲೆ ಒಂದು ತಿರುವಿನಲ್ಲಿ ನಿಂತಿತು. ರಸ್ತೆ ಬದಿಯಲ್ಲಿ ಜನ ಸೇರಿದ್ದರು. ಕಿಟಕಿಯಿಂದ ಬೈಕು ಕಂಡದ್ದೇ ಮಂಗಳಗೌರಿ ಮಗುವನ್ನೆತ್ತಿಕೊಂಡು ಬಾಗಿಲಿಗೆ ಓಡಿದಳು. ಹೇಗೆ ಇಳಿದಳೋ ಅವಳಿಗೇ ಗೊತ್ತಿಲ್ಲ.

ಹುಣಸೆಮರದ ಬುಡದಲ್ಲಿ ಶಿವರಾಮು ಕೂತಿದ್ದ. ಮೊಣಕೈ, ಮೊಣಕಾಲು ತರಚಿ ರಕ್ತ. ಜೀವಕ್ಕೆ ಏನೂ ಆಗಿರಲಿಲ್ಲ. ರಂಗನಾಯಕ ಟೈರು ಮುಟ್ಟಿ ಚುರ್ ಎಂದು ಕೈ ಎಳೆದುಕೊಂಡ. ಗಾಳಿಯಿಲ್ಲದ ಟೈರು ರಿಮ್ಮಿನ ಮೇಲೆ ಜಾರಿ, ಟ್ಯೂಬು ವಾಲ್ವಿನ ಬುಡದಲ್ಲೇ ಹರಿದುಹೋಗಿತ್ತು.

ಶಿವರಾಮು ಅದನ್ನು ನೋಡುತ್ತಿರಲಿಲ್ಲ. ಅವನ ಕಣ್ಣು ಬಿಂದಿಗೆಯ ಮೇಲಿತ್ತು. ಬೈಕಿನ ಅಡಿ ಸಿಕ್ಕು ಅದು ರೊಟ್ಟಿಯಂತೆ ಚಪ್ಪಟೆಯಾಗಿತ್ತು.

“ಗೌರೀ, ಅದನ್ನ ನೀ ಕೂತ್ಕಳೋ ಜಾಗ್ದಲ್ಲಿ ಕಟ್ಟಿದ್ದೆ ಕಣಮ್ಮಿ,” ಎಂದ. ಮಗಳನ್ನು ಅಪ್ಪಿಕೊಂಡು, ಅಷ್ಟು ಜನರ ಎದುರಿಗೇ ಅತ್ತುಬಿಟ್ಟ.

ಶಿವರಾಮು ಇಂದಿಗೂ ರೇಸಿಗೆ ಹೋಗುತ್ತಾನೆ. ಕೆರೆಗೆ ಇಳಿದಾಗ ಗಾಳಿ ಬಿಡುತ್ತಾನೆ. ಆದರೆ ಸೈಕಲ್ ಪಂಪನ್ನು ಜೊತೆಗೇ ಒಯ್ದು, ಕೆರೆಯ ಏರಿ ಹತ್ತುವ ಮುಂಚೆ ಗಾಳಿ ತುಂಬುತ್ತಾನೆ. ಆಮೇಲೆ ಅಂಗಡಿಯಲ್ಲಿ “ಮೀಟರ್ ಹಾಕಿ ನೋಡಣ್ಣ” ಎನ್ನುತ್ತಾನೆ. ಚಪ್ಪಟೆ ಬಿಂದಿಗೆ ಅವರ ಮನೆಯ ಗೂಡಿನಲ್ಲಿದೆ. ಗುಜರಿಗೆ ಹಾಕಲು ಅವನು ಬಿಟ್ಟಿಲ್ಲ.

ಅಣ್ಣಂದಿರೇ, ಅಕ್ಕಂದಿರೇ, ಹೆಬ್ಬೆರಳಲ್ಲಿ ಅಮುಕಿ ಗಾಳಿ ಅಳೆಯಬೇಡಿ. ಬೆಳಿಗ್ಗೆ ಟೈರು ತಣ್ಣಗಿರುವಾಗ ಮೀಟರಿನಲ್ಲಿ ನೋಡಿಸಿ. ನಿಮ್ಮ ಗಾಡಿಗೆ ಕಂಪನಿಯವರು ಎಷ್ಟು ಹೇಳಿದ್ದಾರೋ ಅಷ್ಟೇ ಹಾಕಿಸಿ. ಹಿಂದೆ ಒಬ್ಬರು ಕೂರುವುದಾದರೆ ಅದಕ್ಕೆ ಹೇಳಿರುವ ಲೆಕ್ಕವೇ ಬೇರೆ, ಅದನ್ನೂ ಕೇಳಿ ತಿಳಿಯಿರಿ. ವಾರಕ್ಕೊಮ್ಮೆ ಟೈರಿನ ಮೇಲೆ ಬೆರಳಾಡಿಸಿ. ಗೆರೆ ಸವೆದಿದ್ದರೆ ಬದಲಾಯಿಸಿ. ಗಾಳಿ ಅಂಗಡಿ ಮುಚ್ಚಿದ್ದರೆ ಬಸ್ಸು ಹತ್ತಿ, ಯಾರೂ ನಗುವುದಿಲ್ಲ. ನಿಮ್ಮ ಹಿಂದಿನ ಸೀಟಿನಲ್ಲಿ ದಿನವೂ ಕೂರುವುದು ಬಿಂದಿಗೆಯಲ್ಲ.